ಮಾಮಾನ ಕಂಪ್ಯೂಟರು ಮತ್ತು ಹಸಿ ಗೋಣಿಚೀಲ

ಚಿಂತೆ ಮಾಡಲು ಮನುಷ್ಯನಿಗೆ ಒಂದು ಕಾರಣ ಬೇಕು ಅಂತ ನೀವು ತಿಳಿದಿದ್ದರೆ, ನೀವು ನಮ್ಮ ಮಾಮಾನನ್ನು ನೋಡಿಲ್ಲ ಅಂತಲೇ ಅರ್ಥ. ಕಾರಣ ಇದ್ದಾಗ ಎಲ್ಲರೂ ಚಿಂತೆ ಮಾಡುತ್ತಾರೆ, ಅದರಲ್ಲೇನು ಹೆಚ್ಚುಗಾರಿಕೆ? ನಮ್ಮ ಮಾಮಾ ಕಾರಣ ಇಲ್ಲದಿದ್ದಾಗ ಮಾಡುತ್ತಿದ್ದ. ಬಸ್ಸು ಹೊತ್ತಿಗೆ ಸರಿಯಾಗಿ ಬಂದರೆ, ಹಾಲು ಉಕ್ಕದೆ ಕಾದರೆ, ಕರೆಂಟು ದಿನವಿಡೀ ಹೋಗದಿದ್ದರೆ ಅವನ ಹುಬ್ಬು ಗಂಟಾಗುತ್ತಿತ್ತು. "ಯಾಕೋ ಎಲ್ಲಾ ಭಾಳ ಸುಸೂತ್ರ ನಡದದ. ಇದು ಚಲೋ ಲಕ್ಷಣ ಅಲ್ಲ," ಅನ್ನುತ್ತಿದ್ದ. ಇಂಥವನನ್ನು ದೇವರು ಯಾವ ಕೆಲಸಕ್ಕೆ ಹಚ್ಚಿದ್ದ ಹೇಳಿ? ಆಳಂದದಿಂದ ಅಫಜಲಪುರಕ್ಕೆ ಹೋಗುವ ದಾರಿಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ, ಕಬ್ಬು ಅರೆಯುವ ಮಿಲ್ಲು ಕೆಡದಂತೆ ನೋಡಿಕೊಳ್ಳುವ ಇಂಜಿನಿಯರ್ ಕೆಲಸಕ್ಕೆ!

ಮಾಮಾನನ್ನು ಏಕವಚನದಲ್ಲಿ ಕರೆದೆ ಅಂತ ಯಾರೂ ಬೇಸರ ಮಾಡಿಕೊಳ್ಳಬೇಡಿ. ನಮ್ಮ ಕಡೆ ಸೋದರಮಾವನಿಗೆ 'ರಿ' ಹಚ್ಚಿ ಮಾತಾಡಿದರೆ ಏನೋ ಎಡವಟ್ಟಾಗಿದೆ ಅಂತ ಅವನು ತಿಳಿಯುತ್ತಾನೆ. ನಮ್ಮವನಂತೂ ಊಟ ಬಿಟ್ಟು ಎದ್ದೇ ಬಿಡುತ್ತಿದ್ದ.

ಅವನ ದೊಡ್ಡ ಚಟ ಎಂದರೆ ಹಿಂಗೈ ಹಚ್ಚಿ ನೋಡುವುದು. ತಿರುಗುವ ಯಂತ್ರದ ಬೇರಿಂಗ್ ಬಿಸಿಯಾಗಿದೆಯೋ ಇಲ್ಲವೋ ಅಂತ ನೋಡುವವರು ಅಂಗೈ ಹಚ್ಚುವುದಿಲ್ಲ, ಕೈಯ ಹಿಂಬದಿ ಹಚ್ಚುತ್ತಾರೆ. ಮಾಮಾ ಮಿಲ್ಲಿನಲ್ಲಿ ಕಲಿತದ್ದನ್ನು ಊರ ತುಂಬ ನಡೆಸಿದ. ಮನೆಗೆ ಬಂದವರ ಸ್ಕೂಟರು, ಮಂದಿ ಮಕ್ಕಳ ಹಣೆ, ಹಾಡುತ್ತಿರುವ ರೇಡಿಯೋ, ಯಾವುದನ್ನೂ ಬಿಡಲಿಲ್ಲ. ಜೇವರ್ಗಿಯಲ್ಲಿ ನಮ್ಮ ಅಕ್ಕನ ಮದುವೆ ನಡೆದಾಗ ಮಂಟಪದ ಹಿಂದಿದ್ದ ಜನರೇಟರಿನ ಸಪ್ಪಳ ಅವನ ಮನಸ್ಸಿಗೆ ಬರಲಿಲ್ಲ. ಹೋಗಿ ಅದರ ಪಕ್ಕದಲ್ಲಿ ನಿಂತವನು ನಿಂತೇ ಇದ್ದ. ಎಡಗೈಯಲ್ಲಿ ಅಕ್ಷತೆ, ಬಲಗೈಯ ಹಿಂಬದಿ ಜನರೇಟರಿಗೆ. ಬೀಗರಲ್ಲೊಬ್ಬರು, "ಅವರು ಯಾರ ಕಡೆಯವ್ರು?" ಅಂತ ಕೇಳಿದರು. ಮಾಮಾನ ಹೆಂಡತಿ, ನಮ್ಮ ಅತ್ತಿ, ಮುಖ ಗಂಭೀರ ಮಾಡಿ ಹೇಳಿದಳು: "ನಾವು ಹೆಣ್ಣಿನ ಕಡೆಯವ್ರು. ಅವರು ಜನರೇಟರಿನ ಕಡೆಯವ್ರು."

ಅತ್ತಿ ಹೆದರಿದ್ದನ್ನು ನಾವ್ಯಾರೂ ನೋಡಿರಲಿಲ್ಲ. ಒಂದು ಮನೆಗೆ ಹೆದರುವವರು ಒಬ್ಬರು ಸಾಕು ಅಂತ ಆ ಖಾತೆಯನ್ನು ಪೂರ್ತಿ ಮಾಮಾನಿಗೆ ಬಿಟ್ಟುಕೊಟ್ಟಿದ್ದಳು.

ಆಗಷ್ಟೇ ತೊಂಬತ್ತರ ದಶಕ ಸುರುವಾಗಿತ್ತು. ನಾನು ಗುಲ್ಬರ್ಗಾದಲ್ಲಿ ಡಿಗ್ರಿ ಮುಗಿಸಿ, ಮೇಲೆ ಕಂಪ್ಯೂಟರ್ ಕೋರ್ಸೊಂದನ್ನು ಮಾಡಿಕೊಂಡು, ಆಳಂದದ ಮಾಮಾನ ಮನೆಯಲ್ಲಿದ್ದೆ. ಅದೇ ಹೊತ್ತಿಗೆ ಕಾರ್ಖಾನೆಗೆ ಕಂಪ್ಯೂಟರ್ ಬಂತು. ಲೆಕ್ಕ ಬರೆಯುವ ಕಂಪ್ಯೂಟರ್ ಅಲ್ಲ, ಬುದ್ಧಿ ಇರುವ ಕಂಪ್ಯೂಟರ್! ಪುಣೆಯಿಂದ ಅದರ ಸಂಗಡ ಬಂದ ತರುಣ ಇಂಜಿನಿಯರ್ ನಮಗೆಲ್ಲ ತಿಳಿಸಿ ಹೇಳಿದ. ತಾಸಿಗೊಮ್ಮೆ ಮಿಲ್ಲಿನ ಬೇರಿಂಗುಗಳ ಬಿಸಿ ಎಷ್ಟು ಅನ್ನುವ ಅಂಕಿಗಳನ್ನು ಇದಕ್ಕೆ ಉಣಿಸಬೇಕು. ಮಿಲ್ಲು ಚೆನ್ನಾಗಿರುವಾಗ ಹೇಗಿರುತ್ತದೆ ಅಂತ ಇದು ತಾನೇ ಕಲಿಯುತ್ತದೆ. ಮುಂದೆ ಚೂರು ಹೆಚ್ಚುಕಡಿಮೆಯಾದರೂ, ಕೆಡುವ ಮೊದಲೇ ಕೂಗಿ ಹೇಳುತ್ತದೆ. ಕೆಡುವ ಮೊದಲೇ! ಮಾಮಾನ ಕಣ್ಣಲ್ಲಿ ನೀರಾಡಿತು. ತನ್ನ ಹಾಗೆಯೇ ಮುಂಚಿತವಾಗಿ ಚಿಂತೆ ಮಾಡುವ ಇನ್ನೊಂದು ಜೀವವನ್ನು ಅವನು ಜನ್ಮದಲ್ಲಿ ಮೊದಲ ಸಲ ಕಂಡಿದ್ದ.

ಕಂಪ್ಯೂಟರಿನ ಹಣೆಗೆ ವಿಭೂತಿ ಹಚ್ಚಿ, ಕಾಯಿ ಒಡೆದು, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದೆವು. ಮಿಲ್ಲಿನ ಮಿಸ್ತ್ರಿಗಳು ಬರೆದು ಕಳಿಸಿದ ಅಂಕಿಯನ್ನು ಅದಕ್ಕೆ ಉಣಿಸುವ ಕೆಲಸ ನನ್ನದು. ಕಾರ್ಖಾನೆಯ ಎಂ.ಡಿ. ಸಾಹೇಬರು ಮಾತ್ರ ಖಡಕ್ಕಾಗಿ ಹೇಳಿದರು, "ಒಂದು ಸೀಜನ್ ನೋಡ್ತೇವಿ. ಉಪಯೋಗ ಆಗ್ಲಿಲ್ಲಂದ್ರ ವಾಪಸ್."

ಕಬ್ಬು ಅರೆಯುವ ಆ ಸೀಜನ್ನಿನ ಮೊದಲಲ್ಲೇ ಅತ್ತಿಗೆ ಹೊಟ್ಟೆನೋವು ಸುರುವಾಯಿತು. ಮಾಮಾನಿಗೆ ಹೇಳದೆ ನಾವಿಬ್ಬರೂ ಸೊಲ್ಲಾಪುರಕ್ಕೆ ಹೋದೆವು. ಹೊಟ್ಟೆಯಲ್ಲಿ ಗಡ್ಡೆ ಇದೆ, ತೆಗೆಯಬೇಕು, ತೆಗೆದ ಮೇಲೆಯೇ ಅದು ಎಂಥದ್ದು ಅಂತ ಗೊತ್ತಾಗುವುದು, ತಡ ಮಾಡಬೇಡಿ ಎಂದರು ಡಾಕ್ಟರು. ಅತ್ತಿ ಸೆರಗು ಸರಿಮಾಡಿಕೊಂಡು, "ಸೀಜನ್ ಮುಗೀಲಿ," ಅಂದಳು.

"ಮಾಮಾಗ ಹೇಳೋಣ ಅತ್ತಿ."

"ಹುಚ್ಚಿ ಇದ್ದಿ ಏನ್? ಈಗ ಹೇಳಿದ್ರ ನನಕಿಂತ ಮೊದಲ ಅವರ ಹೋಗಿ ಆಪರೇಶನ್ ಟೇಬಲ್ ಮ್ಯಾಲ ಮಲಗ್ತಾರ."

ಸೊಲ್ಲಾಪುರಕ್ಕೆ ಹೋದದ್ದಕ್ಕೆ ನೆಪ ಬೇಕಲ್ಲ? ಒಂದು ಚಾದರ ಕೊಂಡು ಬಂದೆವು. ಸೊಲ್ಲಾಪುರಕ್ಕೆ ಹೋದವರು ಚಾದರ ತರುವುದು ವಾಡಿಕೆ, ಯಾರಿಗೂ ಸಂಶಯ ಬರುವುದಿಲ್ಲ. ಆದರೆ ನೋವು ಎದ್ದಾಗಲೆಲ್ಲ ಹೋಗಬೇಕಾಯಿತು, ಹೋದಾಗಲೆಲ್ಲ ಚಾದರ ತರಬೇಕಾಯಿತು. ಪಡಸಾಲೆಯ ಮೂಲೆಯಲ್ಲಿ ಚಾದರದ ಒಟ್ಟಿಲು ಏರುತ್ತಾ ಹೋಯಿತು. ಒಂದು ಮುಂಜಾನೆ ಮಾಮಾ ಅದರ ಎದುರು ನಿಂತು ಬಹಳ ಹೊತ್ತು ನೋಡಿದ.

"ಏನ ಬೇ, ಈ ವರ್ಷ ಥಂಡಿ ಭಾಳ ಬೀಳತದಂತೇನು?"

"ಹೌದಂತ್ರಿ," ಅಂದಳು ಅತ್ತಿ ರೊಟ್ಟಿ ಬಡಿಯುತ್ತ.

ಮರುದಿನ ಕಾರ್ಖಾನೆಯ ನೋಟೀಸ್ ಬೋರ್ಡಿನಲ್ಲಿ ವಿಪರೀತ ಚಳಿಯ ಮುನ್ಸೂಚನೆ ಇದ್ದು ಕಾರ್ಮಿಕರು ಕಿವಿ ಮುಚ್ಚಿಕೊಂಡು ಬರತಕ್ಕದ್ದು ಎಂಬ ಮಾಮಾನ ಸಹಿಯ ಸೂಚನೆ ಬಿತ್ತು. ನಮ್ಮ ಆಳಂದದಲ್ಲಿ ಚಳಿ! ಕಿವಿಗೆ ಮಫ್ಲರ್ ಸುತ್ತಿಕೊಂಡ ಕಾರ್ಮಿಕರು ಆ ವಾರವಿಡೀ ಬೆವರಿದರು. ನಾನು ನಕ್ಕೆ, ನಕ್ಕ ಮೇಲೆ ಒಟ್ಟಿಲಿನ ನೆನಪಾಯಿತು. ಕೇಡನ್ನು ಮೊದಲೇ ಕಂಡುಹಿಡಿಯುವುದೇ ಯಾರ ಉದ್ಯೋಗವೋ ಅವನ ಮನೆಯಲ್ಲೇ ನಾವು ಕೇಡೊಂದನ್ನು ಚಾದರದಲ್ಲಿ ಮುಚ್ಚಿಟ್ಟುಕೊಂಡು ಕೂತಿದ್ದೆವು. ಅವನು ಮನೆಯೊಳಗೆ ಕಾಲಿಟ್ಟರೆ ಸಾಕು, ನಾನು ಹೋಗಿ ಒಟ್ಟಿಲಿಗೆ ಅಡ್ಡ ನಿಲ್ಲುತ್ತಿದ್ದೆ.

ಇತ್ತ ಕಂಪ್ಯೂಟರು ಅಂಕಿ ಉಂಡು ದಿನಾ ಒಂದೇ ಮಾತು ಹೇಳುತ್ತಿತ್ತು: ಎಲ್ಲಾ ಸರಿಯಿದೆ. ಮಿಲ್ಲು ಹಳೆಯದು, ಕಬ್ಬಿನ ಲಾರಿಗಳು ಕರಜಗಿಯಿಂದ, ಎಲ್ಲೆಲ್ಲಿಂದಲೋ ಬಂದು ಗೇಟಿನ ಹೊರಗೆ ಸಾಲುಗಟ್ಟುತ್ತಿದ್ದವು, ಹಗಲೂ ರಾತ್ರಿ ಅರೆತ. ಆದರೂ ಬೇರಿಂಗಿನ ಬಿಸಿ ಒಂದು ಕೂದಲೆಳೆಯಷ್ಟೂ ಏರಲಿಲ್ಲ. ಎಂ.ಡಿ. ಸಾಹೇಬರು ಖುಷಿ, ಪುಣೆಯ ಇಂಜಿನಿಯರ್ ಖುಷಿ. ಮಾಮಾ ಒಬ್ಬನೇ ಸೊರಗಿದ. ಅವನ ಅಂಗಿ ಅವನಿಗೇ ದೊಡ್ಡದಾಯಿತು.

"ಸರ್, ಎಲ್ಲಾ ಚೆನ್ನಾಗಿದೆ ಅಂತ ಬಂದರೂ ನಿಮಗೆ ಚಿಂತೆ. ಹಾಗಾದರೆ ನಿಮಗೆ ಏನು ಬೇಕು? ಮಿಲ್ಲು ಕೆಡಬೇಕಾ?" ಪುಣೆಯವನು ತಾಳ್ಮೆಗೆಟ್ಟು ಕೇಳಿದ.

ಮಾಮಾ ಸ್ವಲ್ಪ ಯೋಚಿಸಿ ಹೇಳಿದ, "ಒಂದು ಸಣ್ಣದು ಕೆಟ್ರ ಸಾಕಿತ್ತು."

ಕೊನೆಗೆ ತಡೆಯಲಾರದೆ ಒಂದು ಮಧ್ಯಾಹ್ನ, ಊಟದ ಹೊತ್ತಿನಲ್ಲಿ, ನನ್ನನ್ನೂ ಕರೆದುಕೊಂಡು ಮಿಲ್ಲಿಗೆ ನಡೆದ. ಆ ಹೊತ್ತಿಗೆ ಅವನು ಬರುವ ರೂಢಿ ಇರಲಿಲ್ಲ. ಅಲ್ಲಿ ಹಿರಿಯ ಮಿಸ್ತ್ರಿಯೊಬ್ಬ ದೊಡ್ಡ ಬೇರಿಂಗಿನ ಮುಂದೆ ಕೂತಿದ್ದ. ಬೇರಿಂಗಿನ ಮೇಲೆ ನೀರಲ್ಲಿ ಅದ್ದಿದ ಗೋಣಿಚೀಲ. ಚೀಲದಿಂದ ಸಣ್ಣಗೆ ಹಬೆ ಏಳುತ್ತಿತ್ತು.

"ಇದೇನಪಾ?" ಮಾಮಾ ಕೇಳಿದ.

"ಚೀಲ್ರಿ."

"ಅದು ಕಾಣಾಕತ್ತದ. ಯಾಕ ಹಾಕಿರಿ?"

"ರೀಡಿಂಗ್ ತಗೊಳ್ಳಾಕ್ರಿ."

ಮಿಸ್ತ್ರಿ ಎದ್ದು ನಿಂತು, ತಪ್ಪೇನೂ ಇಲ್ಲದವನಂತೆ ಬಿಡಿಸಿ ಹೇಳಿದ. "ಸುಳ್ಳ ಬರದಿಲ್ರಿ ಸಾಹೇಬ್ರ. ಹಣಿಮ್ಯಾಲ ಇಬತ್ತಿ ಹಚ್ಚಿಕೊಂಡು ಸುಳ್ಳ ಹೆಂಗ ಬರಿಯೂದ್ರಿ? ಮೊದಲ ಹಸಿ ಚೀಲ ಹಾಕ್ತೇವಿ. ತಣ್ಣಗ ಆಗತದ. ಆಮ್ಯಾಲ ನೋಡಿ ಇದ್ದದ್ದ ಇದ್ದಂಗ ಬರೀತೇವಿ. ಎಲ್ಲಾ ಪಾಳಿಯವ್ರೂ ಹಿಂಗೇ ಮಾಡ್ತೇವಿ. ನೀವು ಕೈ ಹಚ್ಚಾಕ ಬರೂ ಹೊತ್ತಿಗೂ ಮೊದಲ ಚೀಲ ಹಾಕಿ ತಗೀತೇವಿ."

"ಯಾಕ?"

ಮಿಸ್ತ್ರಿ ನನ್ನ ಕಡೆ ನೋಡಿದ, ನೆಲದ ಕಡೆ ನೋಡಿದ. "ಹೋದ ವರ್ಷ ಜರಾ ಹೆಚ್ಚಿಗಿ ಬಂದದ್ದು ಬರದೇವಿ, ನೀವು ಊಟ ಬಿಟ್ಟು ಇಲ್ಲೇ ನಿಂತ್ರಿ. ಬಿ.ಪಿ. ಏರಿ ಬಿದ್ರಿ. ನಮ್ಮ ಜೀವಕ್ಕ ಸಮಾಧಾನ ಆಗ್ಲಿಲ್ರಿ. ಸಾಹೇಬ್ರ ಕಣ್ಣಿಗಿ ಚಲೋ ಅಂಕಿ ಬೀಳಲಿ ಅಂತ ಎಲ್ಲಾರೂ ಮಾತಾಡ್ಕೊಂಡೇವಿ."

ಇದ್ದ ಬುದ್ಧಿಯನ್ನೆಲ್ಲ ಖರ್ಚು ಮಾಡಿ ಕಂಪ್ಯೂಟರು ಇಷ್ಟು ದಿನ ಕಲಿತದ್ದು ಏನು? ಹಸಿ ಚೀಲ ಎಷ್ಟು ತಣ್ಣಗಿರುತ್ತದೆ ಅನ್ನುವುದನ್ನು! ನನಗೆ ನಗು ಬರಲಿಲ್ಲ. ಮಾಮಾ ಈಗ ಬೀಳುತ್ತಾನೆ, ಹಿಡಿಯಲು ಯಾರನ್ನು ಕರೆಯಲಿ ಅಂತ ಸುತ್ತ ನೋಡುತ್ತಿದ್ದೆ. ಅವನು ಚೀಲ ತೆಗೆದು ಬದಿಗಿಟ್ಟ. ತುಸು ಹೊತ್ತು ಕಾದ. ಹಿಂಗೈ ಹಚ್ಚಿದ, ಹಚ್ಚಿದಷ್ಟೇ ಬೇಗ ಎಳೆದುಕೊಂಡ. ಆಮೇಲೆ, ಸಂತೆಯಲ್ಲಿ ಬದನೆಕಾಯಿ ಕೇಳುವ ದನಿಯಲ್ಲಿ, "ಮಿಲ್ ನಿಂದರಸ್ರಿ. ಬೇರಿಂಗ್ ಬದಲಿ ಮಾಡೂಣು," ಅಂದ. ಬೀಳಲಿಲ್ಲ. ಬೆವರಲೂ ಇಲ್ಲ.

ಅರೆಯುವ ಮಿಲ್ಲು ನಿಂತಿತೆಂದು ಎಂ.ಡಿ. ಸಾಹೇಬರು ಓಡಿಬಂದರು. "ಎಲ್ಲಾ ಸರಿ ಅದ ಅಂತ ನಿಮ್ಮ ಕಂಪ್ಯೂಟರ್ ಹೇಳಿತ್ತಲ್ಲಾ?"

"ಅದು ಸುಳ್ಳ ಹೇಳಿಲ್ರಿ. ನಾವು ಅದಕ್ಕ ಚೀಲದ ಸುದ್ದಿ ಹೇಳೇವಿ, ಚೀಲ ತಣ್ಣಗ ಅದ ಅಂತ ಅದು ಹೇಳ್ಯಾದ," ಅಂದ ಮಾಮಾ. ಸಂಜೆಯೊಳಗೆ ಹೊಸ ಬೇರಿಂಗ್ ಕೂತು ಮಿಲ್ಲು ಮತ್ತೆ ತಿರುಗಿತು. ಬಿಚ್ಚಿದ ಹಳೆಯದರಲ್ಲಿ ಬಿರುಕು ಬಿಟ್ಟಿತ್ತು. ಅದನ್ನು ನೋಡಿದ ಮೇಲೆ ಎಂ.ಡಿ. ಸಾಹೇಬರು ವಾಪಸಿನ ಮಾತು ಎತ್ತಲಿಲ್ಲ. ಪುಣೆಯವನು ಕಂಪ್ಯೂಟರಿಗೆ ಕಲಿತದ್ದನ್ನೆಲ್ಲ ಮರೆಸಿ ಮತ್ತೆ ಓನಾಮದಿಂದ ಸುರುಮಾಡಿದ.

ಜೀಪಿನಲ್ಲಿ ಮನೆಗೆ ಬರುವಾಗ ಮಾಮಾ ಕೇಳಿದ, "ಮಂದಿ ನನಗ ಅಷ್ಟು ಅಂಜತಾರೇನ್ ಬೇ?"

"ನಿನಗಲ್ಲ ಮಾಮಾ. ನೀ ಅಂಜತಿ ಅಂತ ಅಂಜತಾರ," ಅಂದೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವನು ನನ್ನ ಮುಖವನ್ನು ನೋಡುತ್ತಲೇ ಇದ್ದ.

ಮನೆಗೆ ಬಂದವನು ಕೈಕಾಲು ತೊಳೆಯಲಿಲ್ಲ. ನೇರ ಚಾದರದ ಒಟ್ಟಿಲಿನ ಮುಂದೆ ಹೋಗಿ ಕೂತ. ಅತ್ತಿ ಹಿಟ್ಟಿನ ಕೈಯಲ್ಲೇ ಅಡುಗೆಮನೆಯಿಂದ ಹೊರಬಂದಳು.

"ಇವು ಯಾವ ಬೇರಿಂಗಿನ ಮ್ಯಾಲಿನ ಚೀಲ?" ಮಾಮಾ ಕೇಳಿದ.

ಅತ್ತಿಗೆ ಮಿಲ್ಲಿನ ಕಥೆ ಗೊತ್ತಿರಲಿಲ್ಲ. ಆದರೂ ಅವನು ಕೇಳಿದ್ದು ಅರ್ಥವಾಯಿತು. ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಎಲ್ಲವನ್ನೂ ಹೇಳಿದಳು. ನೋವು, ಗಡ್ಡೆ, ಡಾಕ್ಟರು ಅಂದದ್ದು, ಯಾವುದನ್ನೂ ಮುಚ್ಚಲಿಲ್ಲ. ನಾನು ನೀರಿನ ತಂಬಿಗೆ ಹಿಡಿದು ಮಾಮಾನ ಬೆನ್ನ ಹಿಂದೆ ತಯಾರಾಗಿ ನಿಂತಿದ್ದೆ. ಮಾಮಾ ನಡುವೆ ನಾಲ್ಕು ಮಾತು ಕೇಳಿದ. ನೋವು ಎಲ್ಲಿ, ಯಾವಾಗ ಏಳುತ್ತದೆ, ಊಟ ಸೇರುತ್ತದೋ ಇಲ್ಲವೋ, ಡಾಕ್ಟರು ಎಂದು ಬರಹೇಳಿದ್ದಾರೆ. ದನಿ ಒಂದಿಷ್ಟೂ ನಡುಗಲಿಲ್ಲ. ನನಗೆ ಆಗ ತಿಳಿಯಿತು. ಈ ಮನುಷ್ಯ ಹೆದರುತ್ತಿದ್ದದ್ದು ತನಗೆ ಗೊತ್ತಿಲ್ಲದ್ದಕ್ಕೆ. ಗೊತ್ತಾದದ್ದಕ್ಕೆ ಅವನು ಎಂದೂ ಹೆದರಿದವನಲ್ಲ. ಅವನು ಹೆದರದಿರಲಿ ಅಂತ ನಾವೆಲ್ಲ ಮುಚ್ಚಿಟ್ಟು ಮುಚ್ಚಿಟ್ಟು ಅವನನ್ನು ಹೆದರಿಸಿ ಇಟ್ಟಿದ್ದೆವು.

"ನಾಳಿಗಿ ಹೋಗೂಣು," ಅಂದ.

"ಸೀಜನ್ ನಡದದಲ್ರಿ?"

"ನಡೀಲಿ."

ನೀವು ಗಾಬರಿಯಾಗಬೇಡಿ. ಗಡ್ಡೆ ಸಾಧಾರಣದ್ದೇ ಇತ್ತು. ಅತ್ತಿ ಇವತ್ತಿಗೂ ನನ್ನ ಸಾರಿಗೆ ಉಪ್ಪು ಕಡಿಮೆ ಅಂತ ಕೊಂಕು ತೆಗೆಯುತ್ತಾಳೆ. ಆದರೆ ಆ ಮುಂಜಾನೆ ಆಳಂದದ ಬಸ್ಟ್ಯಾಂಡಿನಲ್ಲಿ ಸೊಲ್ಲಾಪುರದ ಬಸ್ಸು ಹತ್ತುವಾಗ ಅದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ರಾಜ್ಯದ ಗಡಿ ದಾಟುವ ಹೊತ್ತಿಗೆ ಲಾರಿಗಳ ಸಾಲು, ಬಸ್ಸು ನಿಂತಿತು. ನಾನು ಅವರ ಹಿಂದಿನ ಸೀಟಿನಲ್ಲಿದ್ದೆ. ಅತ್ತಿ ಕಿಟಕಿಯ ಹೊರಗೆ ನೋಡುತ್ತಿದ್ದವಳು, ತಿರುಗದೆಯೇ, ಬಹಳ ಸಣ್ಣ ದನಿಯಲ್ಲಿ ಹೇಳಿದಳು, "ನನಗ ಭಾಳ ಅಂಜಿಕಿ ಬಂದದ್ರಿ."

ಏನೂ ಆಗುವುದಿಲ್ಲ, ಸುಮ್ಮನಿರು ಅಂತ ಮಾಮಾ ಹೇಳುತ್ತಾನೆ ಅಂದುಕೊಂಡೆ. ಅವನು ಹಾಗೆ ಹೇಳಲಿಲ್ಲ. ತುಂಬಿದ ಬಸ್ಸಿನಲ್ಲಿ, ನಾಲ್ಕು ಜನರೆದುರು, ಅವಳ ಕೈ ಹಿಡಿದುಕೊಂಡ. "ನನಗೂ," ಅಂದ.

ಅತ್ತಿ ಅವನ ಹೆಗಲಿಗೆ ತಲೆ ಆನಿಸಿದಳು. ಎಷ್ಟೋ ತಿಂಗಳಿಂದ ನೆಟ್ಟಗೆ ಕಣ್ಣು ಮುಚ್ಚದಿದ್ದವಳು ಬಸ್ಸು ಹೊರಡುವ ಮೊದಲೇ ನಿದ್ದೆ ಹೋದಳು. ಅಕ್ಕಲಕೋಟೆ ಬರುವವರೆಗೂ ಮಾಮಾ ಆ ಹೆಗಲನ್ನು ಅಲುಗಿಸಲಿಲ್ಲ.