ಸೌನಾದಲ್ಲಿ ಕೂತ ಸ್ವಿಚ್ಚು

ಸ್ವಿಚ್ ಆರಿಸುವುದು ಹೇಗೆಂದು ಈ ಜಗತ್ತಿಗೆ ತೋರಿಸಿಯೇ ಬಿಡುತ್ತೇನೆ ಎಂದು ನಾನು ಅಡುಗೆಮನೆಯ ನಟ್ಟನಡುವೆ ನಿಂತು ಘೋಷಿಸಿದೆ! ಜಗತ್ತು ಎಂದರೆ ಆ ಹೊತ್ತಿಗೆ ನನ್ನ ಹೆಂಡತಿ ರೈಲಿ ಮತ್ತು ಅವಳ ತಾಯಿ ಔನೆ. ರೈಲಿ ಏಲಕ್ಕಿ ಬ್ರೆಡ್ಡಿಗೆ ಹಿಟ್ಟು ನಾದುತ್ತಿದ್ದಳು. ತಾಯಿ ಪಕ್ಕದಲ್ಲಿ ಕೂತು, ನಾದುವುದು ಹಾಗಲ್ಲ ಎನ್ನುತ್ತಿದ್ದರು. ಚಪ್ಪಾಳೆಯೇನೂ ಬೀಳಲಿಲ್ಲ.

"ದೀಪದ ಸ್ವಿಚ್ಚಾ? ಮೆಟ್ಟಿಲ ಹತ್ರದ್ದು ಕೆಟ್ಟು ವರ್ಷ ಆಯ್ತು," ಎಂದರು ಅತ್ತೆ.

"ಅದಲ್ಲ ಅತ್ತೆ, ನೆಟ್‌ವರ್ಕ್ ಸ್ವಿಚ್ಚು! ಕಂಪ್ಯೂಟರ್ ತಂತಿಗಳೆಲ್ಲ ಬಂದು ಸೇರೋ ಪೆಟ್ಟಿಗೆ. ಯಾರ ಮಾತು ಯಾರಿಗೆ ಮುಟ್ಟಬೇಕೋ ಅವರಿಗಷ್ಟೇ ಮುಟ್ಟಿಸುತ್ತೆ."

"ಹಾಗಿದ್ರೆ ಈ ಮನೆಗೆ ಒಂದು ಬೇಕೇ ಬೇಕು ಬಿಡು."

ಹಿನ್ನೆಲೆ ಹೇಳಿಬಿಡುತ್ತೇನೆ. ಬಂದರೂರು ಎಂಬುದೊಂದು ಆನ್‌ಲೈನ್ ಆಟ. ಅದನ್ನು ಮಾಡಿದ ಕಂಪನಿ ಎಂದೋ ಬಾಗಿಲು ಹಾಕಿಕೊಂಡು ಹೋಯಿತು. ಆದರೆ ಅದರೊಳಗೆ ಮನೆ ಕಟ್ಟಿಕೊಂಡು, ಹಡಗು ಓಡಿಸಿಕೊಂಡು, ಮೀನು ಮಾರಿಕೊಂಡಿದ್ದ ನಾವು ಹೋಗಬೇಕಲ್ಲ? ದೇಶದ ಒಂದು ತುದಿಯ ಮಾಂಕ್ಟನ್‌ನಿಂದ ಇನ್ನೊಂದು ತುದಿಯ ವ್ಯಾಂಕೂವರ್‌ವರೆಗೆ ಚದುರಿಕೊಂಡಿರುವ ನಾವೊಂದಷ್ಟು ಜನ ಸೇರಿ ಪಂಚಾಯತಿ ಮಾಡಿಕೊಂಡು ಆಟವನ್ನು ನಾವೇ ನಡೆಸುತ್ತಿದ್ದೇವೆ. ಆ ಇಡೀ ಊರು ಇರುವುದು ಸರ್ವರ್ ಎಂಬ ಒಂದೇ ಒಂದು ಕಂಪ್ಯೂಟರಿನಲ್ಲಿ. ಆ ಸರ್ವರ್ ಇರುವುದು ಥಂಡರ್ ಬೇಯಲ್ಲಿ, ನಮ್ಮ ಮನೆಯ ಹಜಾರದ ಬೀರುವಿನಲ್ಲಿ. ಅಂದಮೇಲೆ ನಾನು ಯಾರು? ಸರ್ವರ್ ಯಜಮಾನ! ಈ ಆರ್ವೊ ಕಂಗಾಸ್‌ಗೆ ಹುಟ್ಟಿದಾಗಿನಿಂದ ಸಿಕ್ಕಿರುವ ಏಕೈಕ ಪದವಿ ಅದು. ನಾನು ಕೆಲಸ ಮಾಡುವ ಗೋಧಿ ಗೋದಾಮಿನಲ್ಲಿ ನನ್ನ ತಲೆಯ ಮೇಲೆ ಸಾಲುಸಾಲು ಸಾಹೇಬರು. ಬಂದರೂರಿನಲ್ಲಿ ನನ್ನ ತಲೆಯ ಮೇಲೆ ಆಕಾಶ ಮಾತ್ರ.

ಈಗ ಆ ಪದವಿಗೇ ಕುತ್ತು ಬಂದಿತ್ತು. ಸಂಜೆ ಎಲ್ಲರೂ ಆಡಲು ಬಂದರೆ ಸಾಕು, ಊರು ತಡವರಿಸತೊಡಗುತ್ತಿತ್ತು. ಪಂಚಾಯತಿಯ ಅಧ್ಯಕ್ಷೆ ಬರ್ನಿಸ್, ನಿವೃತ್ತ ಮೇಷ್ಟರಮ್ಮ, ಮಾಂಕ್ಟನ್‌ನಲ್ಲಿ ಕೂತು ಹಡಗನ್ನು ಎಡಕ್ಕೆ ತಿರುಗಿಸಿದರೆ, ಅವರು ಒಂದು ಲೋಟ ಚಹಾ ಕುಡಿದು ಮುಗಿಸಿದ ಮೇಲೆ ಅದು ಎಡಕ್ಕೆ ತಿರುಗುತ್ತಿತ್ತು. ಅಷ್ಟರಲ್ಲಿ ಬಂಡೆ ಬಂದಿರುತ್ತಿತ್ತು. ಕಳೆದ ಸಲ ಊರಿನ ಹಿಟ್ಟೆಲ್ಲ ಆ ಹಡಗಿನಲ್ಲೇ ಇತ್ತು!

ಪಂಚಾಯತಿ ಸೇರಿತು. ಎಲ್ಲರೂ ಅವರವರ ಮನೆಯಲ್ಲೇ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತೆವು. ವಿನ್ನಿಪೆಗ್‌ನ ಓರೆಸ್ಟ್ ಗಂಟಲು ಸರಿಮಾಡಿಕೊಂಡ. ಅವನಿಗೆ ನನ್ನ ಪದವಿಯ ಮೇಲೆ ಮೊದಲಿನಿಂದಲೂ ಕಣ್ಣು.

"ಬೇಜಾರು ಮಾಡ್ಕೋಬೇಡ ಆರ್ವೊ. ಸರ್ವರ್‌ನ ಇಲ್ಲಿಗೆ ಕಳಿಸಿಬಿಡು. ನಮ್ಮನೆ ನೆಲಮಾಳಿಗೆ ಖಾಲಿ ಬಿದ್ದಿದೆ."

"ನಿನ್ನ ತಲೆಯ ಹಾಗೇನಾ?"

"ಜಗಳ ಬೇಡ," ಎಂದರು ಬರ್ನಿಸ್. "ಬರೋ ಶನಿವಾರ ಸಾಯಂಕಾಲ ದೀಪಸ್ತಂಭ ಹಚ್ಚೋ ಹಬ್ಬ. ಚಳಿಗಾಲ ಪೂರ್ತಿ ಬೆವರು ಸುರಿಸಿ ಕಟ್ಟಿದ್ದೀವಿ. ಊರಿನ ಅಷ್ಟೂ ಹಡಗು ಒಟ್ಟಿಗೆ ಬಂದರಿಗೆ ಬರುತ್ತೆ. ಅವತ್ತೂ ತಡವರಿಸಿದ್ರೆ ಸರ್ವರ್ ವಿನ್ನಿಪೆಗ್‌ಗೆ. ಕಾರ್ಯದರ್ಶಿಗಳೇ, ಬರ್ಕೊಳ್ಳಿ."

"ಬರ್ಕೊಂಡೆ," ಎಂದಿತು ಪಕ್ಕದ ಕೋಣೆಯಿಂದ ಒಂದು ಧ್ವನಿ. ಪಂಚಾಯತಿಯ ಕಾರ್ಯದರ್ಶಿ ಬೇರಾರೂ ಅಲ್ಲ, ನನ್ನ ಧರ್ಮಪತ್ನಿ! ಗಂಡನೆಂಬ ಕನಿಕರವಾದರೂ ಬೇಡವೇ?

ತಪ್ಪೆಲ್ಲ ನಮ್ಮ ಓಬೀರಾಯನ ಕಾಲದ ಸ್ವಿಚ್ಚಿನದು, ಹೊಸದು ತಂದು ಎಲ್ಲರ ಬಾಯಿ ಮುಚ್ಚಿಸುತ್ತೇನೆ ಎಂದು ಸಭೆಯಲ್ಲಿ ಶಪಥ ಮಾಡಿದೆ. ಅಡುಗೆಮನೆಯಲ್ಲಿ ನಡೆದದ್ದು ಅದೇ ಶಪಥದ ಮರುಪ್ರಸಾರ.

"ಅಂಗಡೀಲಿ ಅಂಗೈಯಗಲದ್ದು ಸಿಗುತ್ತಲ್ಲ, ಸದ್ದಿಲ್ಲ, ಗದ್ದಲವಿಲ್ಲ. ಅದನ್ನೇ ತಗೊಂಡು ಬಾ," ಎಂದಳು ರೈಲಿ.

"ಅದು ಸ್ವಿಚ್ಚಲ್ಲ ಕಣೇ, ಸೋಪಿನ ಡಬ್ಬಿ! ಒಂದು ಊರನ್ನೇ ಹೊರಬೇಕಾದ ಸ್ವಿಚ್ಚಿಗೆ ಒಂದು ಗತ್ತು ಬೇಡವಾ?"

ಊಟ ಮಾಡುವಾಗ, ಹಲ್ಲುಜ್ಜುವಾಗ, ಹಿಮ ಗೋರುವಾಗ ಸ್ವಿಚ್ಚುಗಳದ್ದೇ ಧ್ಯಾನ ಮಾಡಿದೆ. ಪಂಚಾಯತಿಯವರನ್ನು ಕೇಳಿದೆ. ತಲೆಗೊಂದು ಸಲಹೆ ಬಂತು. ಒಬ್ಬ ದುಬಾರಿಯದ್ದೇ ತಾ ಎಂದ. ಇನ್ನೊಬ್ಬ ನೀಲಿ ದೀಪದ್ದು ಬೇಡ, ಕಣ್ಣಿಗೆ ಹೊಡೆಯುತ್ತದೆ ಎಂದ. ಕೊನೆಗೆ ಎಲ್ಲರನ್ನೂ ಬದಿಗಿಟ್ಟು, ಮುಚ್ಚಿಹೋದ ವಿಮೆ ಆಫೀಸೊಂದರ ಹರಾಜಿನಲ್ಲಿ ನನ್ನ ಕನಸಿನ ಸ್ವಿಚ್ಚನ್ನು ಹಿಡಿದೆ. ಉಕ್ಕಿನ ಮೈ! ಕಾರಿನಿಂದ ಇಳಿಸುವಾಗ ನನ್ನ ಸೊಂಟ ಹಿಡಿದುಕೊಂಡಿತು.

ರೈಲಿ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು.

"ನಾವು ಎಷ್ಟು ತಂತಿ ಸಿಕ್ಕಿಸ್ಬೇಕು?"

"ಎರಡು."

"ಇದರಲ್ಲಿ ಎಷ್ಟು ತೂತಿದೆ?"

"ನಲವತ್ತೆಂಟು."

"ಮಿಕ್ಕಿದ್ದು?"

"ಮುಂದಾಲೋಚನೆ!" ಎಂದೆ ಎದೆಯುಬ್ಬಿಸಿ. ಅವಳು ಹಣೆ ಚಚ್ಚಿಕೊಂಡಳು.

ಗುಂಡಿ ಒತ್ತಿದೆ. ಅಯ್ಯೋ ದೇವರೇ! ಅದರ ಬೆನ್ನಿನಲ್ಲಿದ್ದ ಪುಟ್ಟ ಪುಟ್ಟ ಫ್ಯಾನುಗಳೆಲ್ಲ ಒಟ್ಟಿಗೆ ಕಿರುಚಿಕೊಂಡವು. ಅತ್ತೆ ಕಿಟಕಿಗೆ ಓಡಿ ವಿಮಾನ ಎಲ್ಲಿ ಬಿತ್ತೆಂದು ನೋಡಿದರು. ಬೆಕ್ಕು ಸೋಫಾದಡಿ ಸೇರಿದ್ದು ಊಟಕ್ಕೂ ಈಚೆ ಬರಲಿಲ್ಲ. ರೈಲಿ ಬಾಯಾಡಿಸಿ ಏನೋ ಹೇಳಿದಳು, ಕೇಳಿಸಲಿಲ್ಲ. ಕೇಳಿಸದಿದ್ದದ್ದೇ ಒಳ್ಳೆಯದಾಯಿತು ಎಂದು ಅವಳ ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಶುರುವಾಯಿತು ನೋಡಿ ಸ್ವಿಚ್ಚಿನ ವನವಾಸ! ಮಲಗುವ ಕೋಣೆಯಲ್ಲಿಟ್ಟೆ, ನನ್ನ ದಿಂಬು ಹೊರಗೆ ಬಂತು. ಅಡುಗೆಮನೆಯ ಕಪಾಟಿನಲ್ಲಿಟ್ಟೆ, ತಟ್ಟೆಗಳು ಗಡಗಡ ನಡುಗಿ ಒಂದೊಂದಾಗಿ ಅಂಚಿಗೆ ಬಂದವು. ಕಾರಿನ ಶೆಡ್ಡಿನಲ್ಲಿಟ್ಟೆ, ಅಲ್ಲಿನ ಮೈನಸ್ ಮೂವತ್ತರ ಚಳಿಗೆ ಅದು ಕಣ್ಣೇ ಬಿಡಲಿಲ್ಲ. ಕೊನೆಗೆ ನನ್ನ ಮೆದುಳಿನಲ್ಲಿ ಮಿಂಚು ಹೊಳೆಯಿತು. ನೆಲಮಾಳಿಗೆಯಲ್ಲಿ ಸೌನಾ, ಅಂದರೆ ನಮ್ಮ ಫಿನ್‌ಲೆಂಡಿನವರು ಬಿಸಿಗೆ ಕೂತು ಬೆವರುವ ಸ್ನಾನದ ಕೋಣೆ, ಇದೆಯಲ್ಲ! ದಪ್ಪ ಗೋಡೆ, ಒಳಗೆಲ್ಲ ದೇವದಾರು ಹಲಗೆ, ಬ್ಯಾಂಕಿನ ತಿಜೋರಿಗಿರುವಂಥ ಬಾಗಿಲು. ಸ್ವಿಚ್ಚನ್ನು ಒಳಗೆ ಕೂರಲು ಮಾಡಿದ ಮೆಟ್ಟಿಲುಗಳಲ್ಲಿ ಎಲ್ಲಕ್ಕಿಂತ ಮೇಲಿನ ಅಗಲವಾದದ್ದರ ಮೇಲೆ ಮಲಗಿಸಿ, ಬೀರುವಿನಿಂದ ಅಲ್ಲಿಗೊಂದು, ಅಲ್ಲಿಂದ ಬೀರುವಿಗೊಂದು ಉದ್ದನೆಯ ತಂತಿ ಎಳೆದು, ಬಾಗಿಲು ಹಾಕಿದೆ. ಮನೆ ನಿಶ್ಶಬ್ದ! ಆಟ ಆಡಿ ನೋಡಿದೆ. ಹಡಗುಗಳು ನೀರಿನ ಮೇಲೆ ಜಾರಿದವು.

ಅತ್ತೆಗೆ ವಿಷಯ ತಿಳಿಯುವವರೆಗೆ ಎಲ್ಲವೂ ಚೆನ್ನಾಗಿತ್ತು.

"ಸೌನಾದಲ್ಲಿ ತಗಡಿನ ಪೆಟ್ಟಿಗೆನಾ? ಆರ್ವೊ, ನಾನು ಹುಟ್ಟಿದ್ದೇ ಸೌನಾದಲ್ಲಿ ಕಣೋ! ನಮ್ಮಮ್ಮ ಅಲ್ಲೇ ಹೆತ್ತಿದ್ದು ನನ್ನ!"

"ಶನಿವಾರ ಒಂದು ದಿನ ಬಿಟ್ಟುಬಿಡಿ ಅತ್ತೆ, ನಿಮ್ಮ ಕಾಲಿಗೆ ಬೀಳ್ತೀನಿ."

"ಶನಿವಾರ ಸಾಯಂಕಾಲ ಕಾದ ಕಲ್ಲಿಗೆ ನೀರು ಚೆಲ್ಲಿ ಬೆವರದೇ ಇದ್ರೆ ಭಾನುವಾರ ಬರೋದಾದ್ರೂ ಹೇಗೆ? ನಿನ್ನ ಮದುವೆ ದಿನಾನೂ ನಾನು ಸೌನಾ ಬಿಟ್ಟಿಲ್ಲ."

"ನನ್ನ ಪದವಿ ಹೋಗುತ್ತೆ ಅತ್ತೆ!" ಎಂದೆ. ಅಂಗಿಯ ತೋಳಿನಿಂದ ಮೂಗೊರೆಸಿಕೊಂಡೆ. ಓರೆಸ್ಟ್ ನನ್ನ ಊರನ್ನು ಹೊತ್ತುಕೊಂಡು ಹೋಗುವುದನ್ನು ನೆನೆದರೆ ನನಗೆ ಅನ್ನ ಸೇರುತ್ತಿರಲಿಲ್ಲ.

ಅತ್ತೆ ತಮ್ಮ ಕರವಸ್ತ್ರವನ್ನು ನನ್ನ ಕಡೆ ಎಸೆದರು. "ಹೋಗ್ಲಿ, ಅಳಬೇಡ. ಪಕ್ಕದ ಮನೆ ಸೌನಾಗೆ ಹೋಗ್ತೀನಿ. ಈ ವಯಸ್ಸಲ್ಲಿ ಟವೆಲ್ ಹಿಡ್ಕೊಂಡು ಕಂಡವರ ಬಾಗಿಲು ತಟ್ಟೋ ಹಾಗೆ ಮಾಡಿದೆಯಲ್ಲೋ!"

ಶನಿವಾರ ಬಂತು. ಅತ್ತೆ ಟವೆಲನ್ನು ಧ್ವಜದಂತೆ ಹೆಗಲ ಮೇಲೆ ಹಾಕಿಕೊಂಡು ಪಕ್ಕದ ಮನೆಗೆ ನಡೆದರು. ನಾನು ಹಜಾರದಲ್ಲಿ, ರೈಲಿ ಪಕ್ಕದ ಕೋಣೆಯಲ್ಲಿ ಆಸೀನರಾದೆವು. ದೀಪಸ್ತಂಭದ ಕಡೆಗೆ ಹಡಗುಗಳು ಸಾಲುಗಟ್ಟಿ ಹೊರಟವು. ತಡವರಿಕೆಯ ಸುಳಿವಿಲ್ಲ! ಅಷ್ಟರಲ್ಲಿ ಕಾಲ ಕೆಳಗಿನಿಂದ ಒಂದು ಸದ್ದು ಬರತೊಡಗಿತು. ಅಷ್ಟು ದಪ್ಪ ಬಾಗಿಲನ್ನೂ ದಾಟಿ ಫ್ಯಾನುಗಳು ಊಳಿಡುತ್ತಿದ್ದವು.

"ಅದೇನೋ ಸದ್ದು ಆರ್ವೊ?" ಎಂದ ಓರೆಸ್ಟ್.

"ನನ್ನ ಸ್ವಿಚ್ಚು! ನಿಮ್ಮೆಲ್ಲರ ಭಾರ ಹೊತ್ತು ಘರ್ಜಿಸ್ತಾ ಇದೆ. ಕೇಳಿಸ್ಕೊಳ್ಳಪ್ಪಾ, ಪುಣ್ಯ ಬರುತ್ತೆ!"

ಸದ್ದು ಏರಿತು. ನನ್ನ ಜಂಭವೂ ಏರಿತು. ನೆಲ ಕೂಡ ಕೊಂಚ ಬೆಚ್ಚಗಾದಂತೆ ಅನ್ನಿಸಿತು. ಅದು ಸಂತೋಷದ ಕಾವು ಎಂದುಕೊಂಡೆ. ಬರ್ನಿಸ್‌ರ ಹಡಗು ಬಂದರಿನ ಬಾಯಿಗೆ ಬಂತು. ಅವರು ಪಂಜು ಎತ್ತಿದರು. ಫ್ಯಾನುಗಳು ಒಮ್ಮೆಲೇ ನಿಂತವು. ಹಡಗುಗಳೂ ನಿಂತವು. ಪಂಜು ಎತ್ತಿದ ಕೈ ಎತ್ತಿದಂತೆಯೇ ಉಳಿಯಿತು. ಹೆಡ್‌ಫೋನಿನಲ್ಲಿ ಪಿಟ್ಟೆನ್ನಲಿಲ್ಲ.

ನಾನು ಮೆಟ್ಟಿಲಿಳಿದು ಓಡಿದೆ. ಸೌನಾ ಬಾಗಿಲು ತೆಗೆದೆ. ಮುಖಕ್ಕೆ ಕಪಾಳಮೋಕ್ಷವಾದಂತೆ ಬಿಸಿಗಾಳಿ ಬಡಿಯಿತು. ಒಲೆಯ ಕಲ್ಲುಗಳು ಕಾದು ಕೂತಿದ್ದವು! ಹಚ್ಚಿದವರಾರು? ಅತ್ತೆ ಪಕ್ಕದ ಮನೆಯಲ್ಲಿ, ರೈಲಿ ಮೇಲೆ, ಬೆಕ್ಕು ಸೋಫಾದಡಿ. ಗೋಡೆಯ ಮೇಲಿನ ಪುಟ್ಟ ಗಡಿಯಾರ ನನ್ನನ್ನು ನೋಡಿ ಟಿಕ್ಕೆಂದಿತು. ಆಗ ನೆನಪಾಯಿತು. ಅತ್ತೆಗೆ ಇಳಿದು ಬಂದು ಒಲೆ ಹಾಕುವ ತೊಂದರೆ ಬೇಡವೆಂದು, ಪ್ರತಿ ಶನಿವಾರ ಸಂಜೆ ತಾನಾಗಿಯೇ ಕಾಯುವಂತೆ ಆ ಕರೆಂಟ್ ಒಲೆಗೆ ಗಡಿಯಾರ ಕೂರಿಸಿದ ಮಹಾನುಭಾವ ನಾನೇ! ಅತ್ತೆಯನ್ನು ಗೋಗರೆದು ಒಪ್ಪಿಸಿದ್ದೆ. ಒಲೆಗೆ ಹೇಳಲು ಮರೆತಿದ್ದೆ. ಬಿಸಿಯೆಲ್ಲ ಹೋಗಿ ಕೂರುವ ಮೇಲಿನ ಮೆಟ್ಟಿಲಲ್ಲೇ ಸ್ವಿಚ್ಚು ಮಲಗಿತ್ತು. ಇಟ್ಟವನು ಫಿನ್‌ಲೆಂಡಿನವರ ಮೊಮ್ಮಗ! ನಮ್ಮಲ್ಲಿ ಮೂರು ವರ್ಷದ ಮಗುವಿಗೂ ಗೊತ್ತಿರುವ ಸಂಗತಿ ನನ್ನ ತಲೆಗೆ ಹೊಳೆದಿರಲಿಲ್ಲ.

"ಸತ್ತಿತು ಕಣೇ!" ಎಂದು ಕೂಗಿದೆ. ಮುಟ್ಟಿ ನೋಡಿ ಬೆರಳು ಸುಟ್ಟುಕೊಂಡೆ.

ರೈಲಿ ಕೆಳಗಿಳಿಯಲೂ ಇಲ್ಲ. ನಾನು ಬೆರಳು ಚೀಪುತ್ತಾ ಮೇಲೆ ಬಂದರೆ, ಅವಳು ಬೀರುವಿನೊಳಗೆ ತಲೆ ಹಾಕಿದ್ದಳು.

"ಇಂಟರ್ನೆಟ್ ಪೆಟ್ಟಿಗೆ ಇರೋದು ಇಲ್ಲಿ. ಸರ್ವರ್ ಇರೋದೂ ಇಲ್ಲೇ, ಅದರ ಪಕ್ಕದಲ್ಲೇ. ಪೆಟ್ಟಿಗೆ ಬೆನ್ನಲ್ಲಿ ಮೂರು ತೂತು ಖಾಲಿ ಇದೆ. ಮಧ್ಯೆ ಇನ್ನೊಂದು ಪೆಟ್ಟಿಗೆ ಯಾಕೆ ಬೇಕಿತ್ತು, ಮಾರಾಯ?"

ಅವಳು ಗೇಣುದ್ದದ ತಂತಿಯೊಂದನ್ನು ಅದರಿಂದ ಇದಕ್ಕೆ ಸಿಕ್ಕಿಸಿದಳು. ಟಿಕ್! ಅಷ್ಟೇ. ಒಬ್ಬೊಬ್ಬರಾಗಿ ಎಲ್ಲರೂ ಮರಳಿ ಬಂದರು. ಬರ್ನಿಸ್ ಪಂಜು ಇಳಿಸಿದರು, ದೀಪಸ್ತಂಭ ಧಗ್ಗನೆ ಬೆಳಗಿತು. ಅಷ್ಟೂ ಹಡಗುಗಳು ಅದರ ಸುತ್ತ ಸುತ್ತಿದವು, ಒಂದೂ ತಡವರಿಸಲಿಲ್ಲ. ಹೆಡ್‌ಫೋನಿನಲ್ಲಿ ಕೂಗಾಟ, ಸಿಳ್ಳೆ!

"ಶಭಾಷ್ ಆರ್ವೊ! ಸ್ವಿಚ್ಚು ಅಂದ್ರೆ ಇದು!" ಎಂದರು ಬರ್ನಿಸ್.

"ಒಪ್ಕೊಂಡೆ ಕಣಯ್ಯ," ಎಂದ ಓರೆಸ್ಟ್. ಅವನ ಧ್ವನಿ ಮೆತ್ತಗಾಗಿತ್ತು. "ಯಾವುದದು, ಹೆಸರು ಹೇಳು. ನಾನೂ ಒಂದು ತಗೋತೀನಿ."

ಆಹಾ, ಎಷ್ಟು ವರ್ಷದಿಂದ ಕಾದಿದ್ದೆ ಈ ಮಾತಿಗೆ! ನಾಲಿಗೆಯ ತುದಿಗೆ ಒಂದು ಗಂಭೀರವಾದ ಹೆಸರು ಬಂದಿತ್ತು ಕೂಡ. ತಲೆಯೆತ್ತಿದರೆ ರೈಲಿ ಸೊಂಟದ ಮೇಲೆ ಕೈಯಿಟ್ಟು ಬಾಗಿಲಲ್ಲಿ ನಿಂತಿದ್ದಳು.

"ಸರ್ವರ್ ಯಜಮಾನರೇ, ನೀವು ಹೇಳ್ತೀರಾ, ಕಾರ್ಯದರ್ಶಿ ಹೇಳಬೇಕಾ?"

ಹೇಳಿದೆ. ವಿಮೆ ಆಫೀಸಿನಿಂದ ಹಿಡಿದು ಸುಟ್ಟ ಬೆರಳಿನವರೆಗೆ ಎಲ್ಲವನ್ನೂ ಹೇಳಿದೆ. ಹಡಗುಗಳು ಓಡುತ್ತಿರುವುದು ಸ್ವಿಚ್ಚೇ ಇಲ್ಲದೆ ಎಂಬುದನ್ನೂ ಹೇಳಿದೆ. ಆಮೇಲೆ ಓರೆಸ್ಟ್ ನಗಲು ಶುರು ಮಾಡಿದವನು ನಿಲ್ಲಿಸಲೇ ಇಲ್ಲ. ಅವನನ್ನು ಸಭೆಯಿಂದ ಸ್ವಲ್ಪ ಹೊತ್ತು ಹೊರಗಿಡಬೇಕಾಯಿತು.

ಅಷ್ಟರಲ್ಲಿ ಹೊರಬಾಗಿಲು ದಡಾರೆಂದಿತು. ಅತ್ತೆ! "ಥೂ, ಅದೂ ಒಂದು ಸೌನಾನಾ? ಹಲ್ಲು ಕಟಕಟ ಅಂತಿದೆ ನಂಗೆ," ಎನ್ನುತ್ತಾ ಬಂದವರು ಮೆಟ್ಟಿಲ ಬಳಿ ನಿಂತು ಮೂಗರಳಿಸಿದರು. ಕಾದ ದೇವದಾರಿನ ಘಮ ಮೇಲೇರಿ ಬರುತ್ತಿತ್ತು. ಅವರ ಮುಖ ಅರಳಿತು. "ಅಯ್ಯೋ ನನ್ನ ಬಂಗಾರದಂಥ ಅಳಿಯ! ನನಗೋಸ್ಕರ ಕಾಯಿಸಿಟ್ಟಿದ್ದೀಯಾ!"

ಅಲ್ಲ ಎನ್ನುವ ಧೈರ್ಯ ನನಗಿರಲಿಲ್ಲ. ಎಲ್ಲರಿಗೂ ಕೇಳಲೆಂದು ರೈಲಿ ಸ್ಪೀಕರ್ ಹಾಕಿದಳು. ಬರ್ನಿಸ್ ಅಷ್ಟರಲ್ಲಿ ಮೇಷ್ಟರಮ್ಮನ ಗಂಟಲಿನಲ್ಲಿ ಠರಾವು ಓದತೊಡಗಿದ್ದರು.

"ಸರ್ವರ್ ಥಂಡರ್ ಬೇಯಲ್ಲೇ ಇರತಕ್ಕದ್ದು. ಇವತ್ತಿಂದ ಅದರ ಯಜಮಾನಿ ರೈಲಿ. ಪ್ರತಿ ಶನಿವಾರ ಆಟ ಮುಗಿಯೋವರೆಗೂ ಆರ್ವೊ ಅವರು ಸೌನಾದಲ್ಲಿ ಇರತಕ್ಕದ್ದು, ಬಾಗಿಲು ಹಾಕಿಕೊಂಡು. ಯಾರದಾದ್ರೂ ವಿರೋಧ?"

"ನನ್ನದಿದೆ!" ಎಂದು ಅರಚಿದೆ. "ನಾನು ತಪ್ಪಿಸ್ಕೊಂಡು ಬಂದ್ರೆ ಹಿಡಿಯೋರು ಯಾರಿದ್ದಾರೆ?"

ಅತ್ತೆ ಮೈಕಿನ ಕಡೆಗೆ ಬಾಗಿ, ತಾನು ನನ್ನ ಅತ್ತೆ, ಪ್ರತಿ ಶನಿವಾರ ಆ ಸೌನಾದಲ್ಲೇ ಕೂರುವವಳು ಎಂಬುದನ್ನು ವಿನಯದಿಂದ ತಿಳಿಸಿದರು. ಪಂಚಾಯತಿ ಅವರನ್ನು ಅಲ್ಲೇ, ಆ ಕ್ಷಣವೇ, ಅವಿರೋಧವಾಗಿ ಸದಸ್ಯರನ್ನಾಗಿ ಮಾಡಿಕೊಂಡಿತು. ಅವರು ಹಾಕಿದ ಮೊದಲ ಮತ ಆ ಠರಾವಿಗೇ. ಎರಡನೇ ಕೆಲಸವಾಗಿ ನನ್ನ ಹೆಗಲಿಗೆ ಒಂದು ಟವೆಲ್ ಹಾಕಿದರು.

"ನಡಿ ಕೆಳಗೆ, ಮಾಜಿ ಯಜಮಾನ. ಆ ಪೆಟ್ಟಿಗೆ ಎತ್ತಿ ಹೊರಗಿಡು, ಅದು ಕೂತಿರೋದು ನನ್ನ ಜಾಗದಲ್ಲಿ!"