ಮೂವತ್ತರ ಗೆರೆಯ ಕೆಳಗೆ

ಸುಳ್ಳು ಹೇಳುವುದು ನನಗೆ ಮೊದಲಿನಿಂದಲೂ ಒಗ್ಗಿದ್ದಲ್ಲ. ಪಕ್ಕದ ಮನೆಯವರು ಸಕ್ಕರೆ ಕೇಳಲು ಬಂದಾಗ ‘ಇಲ್ಲ’ ಎಂದು, ಮರುಗಳಿಗೆಗೆ ಅವರಿಗೇ ಚಹಾ ಮಾಡಿಕೊಟ್ಟು ಸಿಕ್ಕಿಬಿದ್ದವಳು ನಾನು. ಅಂಥವಳು ಐವತ್ತೆರಡನೆಯ ವಯಸ್ಸಿನಲ್ಲಿ ಡಾಕ್ಟರಿಗೇ ಟೋಪಿ ಹಾಕಿದೆ.

ಪರ್ವರಿಯಲ್ಲಿ ನಮ್ಮದು ಬಟ್ಟೆ ಅಂಗಡಿ, ಅದರ ಮೇಲೆಯೇ ಮನೆ. ಕ್ಯಾನ್ಸರ್ ಎಂದು ಎಡಗಡೆಯ ಮೊಲೆ ತೆಗೆದ ಆಸ್ಪತ್ರೆಯವರು ಅದರ ಬದಲಿಗೆ ಒಂದು ಬಾಟಲಿ ಕೊಟ್ಟು ಕಳಿಸಿದ್ದರು. ಕಂಕುಳ ಕೆಳಗಿನಿಂದ ನಳಿಕೆ, ಅದರ ತುದಿಗೆ ಬಾಟಲಿ. ಗಾಯದೊಳಗೆ ಕೂಡುವ ನೀರು ಅದಕ್ಕೆ ಇಳಿಯಬೇಕು. ದಿನದ ನೀರು ಮೂವತ್ತು ಎಂ.ಎಲ್.ಗಿಂತ ಕಡಿಮೆಯಾದರೆ ನಳಿಕೆ ತೆಗೆಯುತ್ತಾರೆ, ಗಾಯ ಮಾಯ್ದ ಮೇಲೆ ಕಿಮೋ. ನಮ್ಮ ಮನೆಯವರು ದಿನಾ ಪೂಜೆ ಮುಗಿಸಿ ಬಂದು, ಬಾಟಲಿಯನ್ನು ಕಣ್ಣಮಟ್ಟಕ್ಕೆ ಹಿಡಿದು ಗೆರೆ ಓದಿ ಚೀಟಿಯಲ್ಲಿ ಬರೆಯುತ್ತಿದ್ದರು. ಎಂಬತ್ತು. ತೊಂಬತ್ತು. ಮತ್ತೆ ಎಂಬತ್ತು. ನನ್ನ ಮೈಯಲ್ಲಿ ಇಷ್ಟು ನೀರಿದೆಯೆಂದು ಗೊತ್ತಿದ್ದರೆ ಬೇಸಿಗೆಯಲ್ಲಿ ಟ್ಯಾಂಕರ್ ಕರೆಸುತ್ತಲೇ ಇರಲಿಲ್ಲ.

ಆ ವಾರವೇ ಡಿಚೋಲಿಯ ಬೀಗರ ಮನೆಯಲ್ಲಿ ಮಗಳ ಕುಬಸ. ಬಸುರಿಗೆ ಹಸಿರು ಸೀರೆ, ಹಸಿರು ಕುಬಸ ತೊಡಿಸಿ ಉಡಿ ತುಂಬುವುದು ತವರಿನವರ ಕೆಲಸ. “ಬಾಟಲಿ ಹಿಡಕೊಂಡ ಬಾ ಅವ್ವಾ, ಯಾರೇನ್ ಅಂತಾರ?” ಎಂದು ಮಗಳು ಫೋನ್ ಮಾಡಿದಳು. ಅನ್ನುವವರು ಇದ್ದರು. “ಬಸುರಿ ಕಣ್ಣಿಗೆ ಆ ರಗತದ ನೀರು ಬೀಳೂದು ಬ್ಯಾಡ್ರಿ” ಎಂದು ಬೀಗತಿ ಮೊದಲೇ ಮರ್ಯಾದೆಯಿಂದ ತಿಳಿಸಿದ್ದರು. ನನಗೆ ಅಳುವೂ ಬಂತು, ಸಿಟ್ಟೂ ಬಂತು. ಮರುದಿನ ಬೆಳಿಗ್ಗೆ ನಮ್ಮ ಮನೆಯವರು ಪೂಜೆಗೆ ಕುಳಿತಾಗ ಬಚ್ಚಲಿಗೆ ಹೋಗಿ, ಬಾಟಲಿಯ ಮುಕ್ಕಾಲು ಪಾಲು ನೀರು ಚೆಲ್ಲಿ ಬಂದೆ. “ಇಪ್ಪತ್ತ! ಶಿವಾ, ನಿನ್ನ ದಯಾ!” ಎಂದು ಅವರು ಕೈಮುಗಿದರು. ಅದರ ಮಾರನೆಯ ದಿನವೂ ಶಿವ ದಯೆ ತೋರಿದ. ಡಾಕ್ಟರು ನಳಿಕೆ ಎಳೆದು ತೆಗೆದರು.

ಕುಬಸವೇನೋ ಚೆನ್ನಾಗಿಯೇ ಆಯಿತು. ನಾಲ್ಕು ದಿನಕ್ಕೆ ಹೊಲಿಗೆಯ ಜಾಗ ಉಬ್ಬಿತು. ಸೂಜಿ ಚುಚ್ಚಿ ನೀರು ಎಳೆದರು. ವಾರದೊಳಗೆ ಮತ್ತೆ ತುಂಬಿತು, ಮತ್ತೆ ಎಳೆದರು. ನಾಲ್ಕನೆಯ ಸಲ ಕೀವು ಬಂತು. ಕಿಮೋ ಒಂದು ತಿಂಗಳು ಮುಂದಕ್ಕೆ ಹೋಯಿತು. ರೋಗ ಅಷ್ಟು ದಿನ ಸುಮ್ಮನಿರುತ್ತದೆಂದು ಹೇಳಲಾಗದು ಎಂದರು ಡಾಕ್ಟರು. ಮೊಮ್ಮಗುವನ್ನು ನೋಡುತ್ತೇನೋ ಇಲ್ಲವೋ ಎಂದು ಬೆರಳಲ್ಲೇ ತಿಂಗಳು ಎಣಿಸಿದೆ. ಡಾಕ್ಟರು ಚೀಟಿ ತಿರುಗಿಸಿ ನೋಡಿ, ನೀರು ಅಷ್ಟು ಬೇಗ ಇಳಿದದ್ದು ಹೇಗೆ ಎಂದು ಕೇಳಿದರು. ನಾನು ಗೋಡೆಯ ಕ್ಯಾಲೆಂಡರ್ ಓದತೊಡಗಿದೆ.

ಹೊರಗೆ ಬಂದು ಬೆಂಚಿನ ಮೇಲೆ ಕುಳಿತ ನಮ್ಮ ಮನೆಯವರು ಕಣ್ಣು ಒರೆಸಿಕೊಂಡರು. “ನಂದ ತಪ್ಪ ನೋಡ. ಕಣ್ಣ ಸರಿ ಕಾಣಾಕತ್ತಿಲ್ಲ, ಗೆರಿ ತಪ್ಪಿ ಓದೇನಿ.” ಅಲ್ಲಿಂದ ನೇರವಾಗಿ ಕನ್ನಡಕದ ಅಂಗಡಿಗೆ ಕರೆದುಕೊಂಡು ಹೋದರು. ಒಂದು ಚೌಕಟ್ಟು ಹಾಕಿಕೊಂಡು ನನ್ನ ಕಡೆ ತಿರುಗಿ, “ಹೆಂಗ ಕಾಣತೇನಿ?” ಎಂದರು. ನೀರು ಚೆಲ್ಲಿದವಳು ನಾನೇ ಎಂದು ಹೇಳಲು ಅದೇ ಹೊತ್ತಾಗಿತ್ತು.

“ಭಾಳ ಚಲೋ ಒಪ್ಪತೈತ್ರಿ,” ಎಂದೆ, “ಇದನ್ನ ತಗೋರಿ.”