ಏಜಾಜ ಮಾಸ್ತರರ ಭಾಷೆ ಹಾಕಿದ ಪಾಲು

ಜಗಳಕ್ಕೆ ಮೂಲ ಪರಮಣ್ಣನ ಮೋಟರ್‌ಸೈಕಲ್ಲಿನ ಕನ್ನಡಿ.

ಶಹಾಪುರದ ಆ ಓಣಿಯಲ್ಲಿ ಭಾನುವಾರ ಐದು ಮನೆಯವರು ಕೂಡಿ ಒಂದು ಆಡು ಕೊಯ್ಯಿಸುತ್ತಿದ್ದರು. ರಿಟೈರಾದ ಗುಮಾಸ್ತ ಹಣಮಂತ್ರಾಯ ಸಾಲಾಗಿ ಐದು ಪಾಲು ಹಾಕುವುದು, ಪರಮಣ್ಣ ತನ್ನ ಮೋಟರ್‌ಸೈಕಲ್ಲಿನ ಕಡೆ ಮುಖ ಮಾಡಿ ಪಾಲುಗಳಿಗೆ ಬೆನ್ನು ತಿರುಗಿಸಿ ನಿಲ್ಲುವುದು, ಹಣಮಂತ್ರಾಯ ಒಂದೊಂದು ಪಾಲು ತೋರಿಸಿ ‘ಇದು ಯಾರ್ದು?’ ಎಂದಾಗ ಪರಮಣ್ಣ ಒಂದೊಂದು ಮನೆಯ ಹೆಸರು ಹೇಳುವುದು ರೂಢಿ.

“ಕನ್ನಡ್ಯಾಗ ನೋಡಿ ಹೇಳ್ತಾನ್ರಿ ಇಂವ,” ಎಂದಳು ಪಾಲಿನವರಲ್ಲೊಬ್ಬಳಾದ ಬಾಲಮ್ಮ. “ಇಲ್ಲಂದ್ರ ತೊಡಿ ಮಾಂಸ ಬರೇ ಇವನ ಮನಿಗೇ ಹೆಂಗ ಹೋಗ್ತದ? ಮಾಸ್ತರ, ನಿಮ್ಮ ಕಂಪ್ಯೂಟರ್ ತರ್ರಿ. ಅದು ಹೇಳ್ಲಿ.”

ಗಣಿತದ ಮಾಸ್ತರ ಏಜಾಜ ಮನೆಗೆ ಓಡಿಹೋಗಿ ಕಂಪ್ಯೂಟರ್ ತಂದ. ಬರೀ ಲೆಕ್ಕ ಮಾಡಲೆಂದೇ ಅವನೊಂದು ಪುಟ್ಟ ಕಂಪ್ಯೂಟರ್ ಭಾಷೆ ಕಟ್ಟಿದ್ದ. ‘ಕೂಡು’, ‘ಕಳೆ’, ‘ಹಂಚು’ ಎಂದು ಕನ್ನಡದಲ್ಲಿ ಬರೆದರೆ ಸಾಕು, ಉತ್ತರ ಬರುತ್ತಿತ್ತು. ಆದರೆ ಅದನ್ನು ಕೇಳುವವರೇ ಇರಲಿಲ್ಲ. ಹೆಂಡತಿ ಮೆಹನಾಜ ಅದನ್ನು ಸವತಿ ಎನ್ನುತ್ತಿದ್ದಳು. ಇವತ್ತು ಮಧ್ಯಾಹ್ನ ಸುರಪುರದಿಂದ ಅವಳಪ್ಪ ಊಟಕ್ಕೆ ಬರುವವರಿದ್ದರು. ಬರೀ ಎಲುಬು ಹಿಡಿದು ಬಂದರೆ ಹೊಸ್ತಿಲು ತುಳಿಯಬೇಡಿ ಎಂದು ಹೇಳಿಯೇ ಕಳಿಸಿದ್ದಳು.

ಏಜಾಜ ಕಟ್ಟೆಯ ಮೇಲೆ ಕೂತು, ಯಾವ ಪಾಲು ಯಾವ ಮನೆಗೆಂದು ಚೀಟಿ ಎತ್ತಿದ ಹಾಗೆ ಹೇಳುವ ಒಂದು ಸಾಲು ಬರೆದ. ಒಂದಕ್ಷರ ಆಚೀಚೆ ಮಾಡಿದರೆ ತೊಡೆ ಅವನ ಮನೆಗೇ ಬರುತ್ತಿತ್ತು. ಛೇ, ಮಾವನಿಗೋಸ್ಕರ ಗಣಿತ ಕೆಡಿಸುವುದೇ? ನೆಟ್ಟಗೆ ಬರೆದು ಗುಂಡಿ ಒತ್ತಿದ.

ಕಡೆಯ ಪಾಲು ಮಾಸ್ತರರಿಗೆ. ಅದರಲ್ಲಿ ಎಲುಬು ಬಿಟ್ಟರೆ ಬೇರೇನೂ ಇರಲಿಲ್ಲ.

“ಇನ್ನೊಮ್ಮಿ ನೋಡೋಣೇನ್ರಿ?” ಎಂದ ಏಜಾಜ. ಅದೇ ಬಂತು. ಮತ್ತೆ ಒತ್ತಿದರೂ ಅದೇ. ಆಗ ನೆನಪಾಯಿತು. ಪರೀಕ್ಷೆ ಮಾಡುವಾಗ ಚೀಟಿ ಯಾವಾಗಲೂ ಒಂದೇ ರೀತಿ ಬೀಳಲೆಂದು ತಾನೇ ಮಾಡಿದ್ದ ಏರ್ಪಾಡನ್ನು ತೆಗೆಯಲು ಮರೆತಿದ್ದ.

“ಇದ್ರಾಗ ಒಂದು ತಪ್ಪದರಿ,” ಎಂದ ಮೆತ್ತಗೆ.

“ಎಲುಬು ಬಂದ ಕೂಡ್ಲೇ ತಪ್ಪಾತೇನ್ರಿ?” ಎಂದ ಪರಮಣ್ಣ.

ಬಾಲಮ್ಮ ತೀರ್ಪು ಕೊಟ್ಟಳು. “ಎಷ್ಟು ಸಲ ಕೇಳಿದ್ರೂ ಮಾತು ಬದಲಿಲ್ಲ. ಲೆಕ್ಕ ಅಂದ್ರ ಹಿಂಗಿರಬೇಕು. ತನ್ನ ಮಾಲಕಗೇ ಎಲುಬು ಕೊಟ್ಟದ ನೋಡ್ರಿ. ಇನ್ಮ್ಯಾಲ ಪ್ರತಿ ಐತವಾರ ಇದೇ ಹೇಳ್ಲಿ.”

ನಗಬೇಕೋ ಅಳಬೇಕೋ ಏಜಾಜನಿಗೆ ತಿಳಿಯಲಿಲ್ಲ. ಮಧ್ಯಾಹ್ನ ಮಾವ ಒಂದು ಎಲುಬನ್ನು ಬಹಳ ಹೊತ್ತು ಚೀಪಿ ಕೈ ತೊಳೆದರು. ಮೆಹನಾಜ ಗಂಡನತ್ತ ತಿರುಗಿಯೂ ನೋಡಲಿಲ್ಲ. ಅವನಿಗೆ ನಿಜವಾಗಿಯೂ ನಾಚಿಕೆಯಾಯಿತು.

ಸಂಜೆ ಹಣಮಂತ್ರಾಯನ ಮನೆಗೆ ಹೋಗಿ ಹೇಳಿಯೇಬಿಟ್ಟ. “ಅದನ್ನ ತಿದ್ದಬೇಕ್ರಿ, ಯಜಮಾನ್ರ. ಪ್ರತಿ ಸಲ ಒಂದೇ ಉತ್ತರ ಬರ್ತದ.”

ಹಣಮಂತ್ರಾಯ ಬಾಗಿಲು ಮುಂದೆ ಮಾಡಿ ದನಿ ತಗ್ಗಿಸಿದ. “ಎರಡನೇ ಸಲಕ್ಕೇ ಗೊತ್ತಾತ್ರಿ ನನಗ. ಮೊದಲನೇ ಪಾಲು ನಮ್ಮನಿಗೆ, ಕಡೀದು ನಿಮಗ. ಪಾಲು ಹಾಕಾಂವ ನಾನೇ ಅಲ್ರಿ? ಒಂದಕ್ಷರ ಮುಟ್ಟಬ್ಯಾಡ್ರಿ.”

ಏಜಾಜನಿಗೆ ಮೆಹನಾಜಳ ಮುಖ ಕಣ್ಣ ಮುಂದೆ ಬಂತು. “ಹಂಗಾದ್ರ...” ಎಂದು ಬಾಗಿಲ ಕಡೆ ನೋಡಿದ. “ಕಡೀ ಪಾಲಿನ್ಯಾಗೂ ಒಂದೀಟು ಮೆತ್ತಂದು ಹಾಕ್ರಿ ಮತ್ತ.”

“ಅದೊಂದು ಆಗಂಗಿಲ್ಲ ಮಾಸ್ತರ,” ಎಂದ ಹಣಮಂತ್ರಾಯ, ಬಹಳ ಮರುಕದಿಂದ. “ನೀವು ಎಲುಬು ತಿಂತೀರಂತನೇ ಓಣಿ ಮಂದಿ ಅದನ್ನ ನಂಬ್ಯಾರ.”